ಹಾಡಿನ ಮೇಲೆ ಯಾರ ಹಕ್ಕು? ಫಿಸ್ಕ್ ವಿದ್ಯಾರ್ಥಿ ಮೇಳದ ಚರಿತ್ರೆ

ವಿಶ್ವವಿದ್ಯಾಲಯಗಳು ಸಂಗೀತ ಮೇಳಗಳನ್ನು ಕಟ್ಟುತ್ತವೆ. ಮೇಳವೇ ವಿಶ್ವವಿದ್ಯಾಲಯವೊಂದನ್ನು ಉಳಿಸಿ ಕಟ್ಟಿದ್ದೂ ಉಂಟು. ಅಮೆರಿಕದ ನ್ಯಾಶ್‌ವಿಲ್ ಊರಿನ ಫಿಸ್ಕ್ ವಿಶ್ವವಿದ್ಯಾಲಯದ ಈ ಕತೆಯನ್ನು ದಲಿತ ವಿಮರ್ಶೆಯ ಒಳಗೆ ತಂದು ಓದಬೇಕೆಂಬುದು ನನ್ನ ವಾದ.

ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನ ಕಣ್ಣಲ್ಲಿ ಮುಗಿದದ್ದು ೧೮೬೫ರಲ್ಲಿ. ಮರುವರ್ಷವೇ, ಸೈನ್ಯ ಬಿಟ್ಟುಹೋದ ಆಸ್ಪತ್ರೆಯ ಷೆಡ್ಡುಗಳಲ್ಲಿ ಫಿಸ್ಕ್ ಶಾಲೆ ಶುರುವಾಯಿತು. ಏಳು ವರ್ಷದ ಕೂಸಿನಿಂದ ಎಪ್ಪತ್ತರ ಮುದುಕರ ತನಕ ಅಕ್ಷರಕ್ಕಾಗಿ ಬಂದರು. ೧೮೭೧ರ ಹೊತ್ತಿಗೆ ಸಾಲ ಕುತ್ತಿಗೆಗೆ ಬಂದಿತ್ತು. ಖಜಾಂಚಿಯೂ ಸಂಗೀತದ ಮೇಷ್ಟರೂ ಆಗಿದ್ದ ಜಾರ್ಜ್ ವೈಟ್ ಎಂಬ ಬಿಳಿಯ, ಆ ವರ್ಷದ ಅಕ್ಟೋಬರ್ ೬ರಂದು ಒಂಬತ್ತು ಜನ ಹುಡುಗ ಹುಡುಗಿಯರ ಮೇಳ ಕಟ್ಟಿಕೊಂಡು ಹೊರಟ. ಅವರಲ್ಲಿ ಹೆಚ್ಚಿನವರು ಗುಲಾಮರಾಗಿಯೇ ಹುಟ್ಟಿದವರು.

ಮೇಳದ ಬೆನ್ನೆಲುಬು ಎಲ್ಲಾ ಶೆಪರ್ಡ್ ಎಂಬ ಹೆಣ್ಣುಮಗಳು. ಆಕೆ ಸಿನ್ಸಿನಾಟಿಯಲ್ಲಿ ಪಿಯಾನೊ ಕಲಿಯಹೋದಾಗ ಬಿಳಿ ಗುರು ಹಾಕಿದ ಕಟ್ಟಳೆ ಇದು: ರಾತ್ರಿ ಬರಬೇಕು, ಹಿತ್ತಲ ಬಾಗಿಲಿಂದ ಬರಬೇಕು, ಯಾರಿಗೂ ಹೇಳಬಾರದು. ಈ ಹಿತ್ತಲ ಬಾಗಿಲು ನಮ್ಮವರಿಗೆ ಹೊಸದೇನಲ್ಲ.

ನನಗೆ ಮುಖ್ಯವೆನಿಸುವುದು ಇವರು ಮೊದಲು ಏನು ಹಾಡಿದರು ಎಂಬುದು. ಸಭೆಗಳಲ್ಲಿ ಹಾಡಿದ್ದು ಬಹುಪಾಲು ಬಿಳಿಯರ ಹಾಡುಗಳನ್ನೇ. ತಂದೆತಾಯಿ ಹೊಲದಲ್ಲಿ, ಕತ್ತಲಲ್ಲಿ ಹಾಡಿಕೊಂಡ ಸ್ಪಿರಿಚುವಲ್ಸ್ ಅವರಿಗೆ ಪವಿತ್ರ; ಜೊತೆಗೆ ಗುಲಾಮಗಿರಿಯ ಗಾಯ. ಅದನ್ನು ಪರರ ಮುಂದೆ ಇಡೋದು ಹೆಂಗೆ? ಅದೂ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರನ್ನು ಆಡಿಕೊಂಡು ನಗಿಸುತ್ತಿದ್ದ ಆಟಗಳ ಕಾಲ. ಮೇಳವೂ ಅದೇ ಥರದ್ದು ಅಂತ ಬಂದ ಜನ ಇದ್ದರು. ನವೆಂಬರಿನಲ್ಲಿ ಓಬರ್ಲಿನ್ ಊರಿನ ಪಾದ್ರಿಗಳ ಸಭೆಯಲ್ಲಿ ಮನೆಯ ಹಾಡುಗಳೇ ಹೊರಬಂದವು, ಸಭೆ ಸ್ತಬ್ಧವಾಯಿತು. ಅಲ್ಲಿಂದಾಚೆ ಅವೇ ಮೇಳದ ಮುಖ್ಯ ಹಾಡುಗಳಾದವು. ಬೈಬಲ್ಲಿನ ವಿಮೋಚನೆಯ ವರ್ಷದಿಂದ ಬಂದ ಹೆಸರು, ಜುಬಿಲಿ ಗಾಯಕರು.

ಮೊದಲ ಸುತ್ತಿನಲ್ಲೇ ಸುಮಾರು ೨೦,೦೦೦ ಡಾಲರ್ ಕೂಡಿತು. ೧೮೭೩ರಲ್ಲಿ ಇಂಗ್ಲೆಂಡಿಗೆ ಹೋಗಿ ವಿಕ್ಟೋರಿಯಾ ರಾಣಿಯ ಮುಂದೆ ಹಾಡಿದರು. ಏಳು ವರ್ಷಗಳ ಒಟ್ಟು ಗಳಿಕೆ ಸುಮಾರು ೧,೫೦,೦೦೦ ಡಾಲರ್. ಆ ದುಡಿಮೆಯಿಂದ ಎದ್ದದ್ದು ೧೮೭೬ರಲ್ಲಿ ತೆರೆದ ಜುಬಿಲಿ ಹಾಲ್. ಹಾಡಲು ಕರೆದ ಊರುಗಳಲ್ಲೇ ಹೋಟೆಲಿನವರು ರೂಮು ಕೊಡದೆ ಕಳಿಸಿದ್ದುಂಟು. ನಮ್ಮ ಹಟ್ಟಿಯ ತಮಟೆ ದೇವರ ಮೆರವಣಿಗೆಗೆ ಬೇಕು, ಬಡಿಯುವವನು ಗುಡಿಯೊಳಕ್ಕೆ ಬೇಡ. ತರ್ಕ ಒಂದೇ. ತಿರುಗಾಟದಲ್ಲಿ ಹಲವರ ಆರೋಗ್ಯ ಕೆಟ್ಟಿತು, ಓದು ನಿಂತಿತು.

೧೮೭೩ರಲ್ಲಿ ಹ್ಯಾಂಪ್ಟನ್ ಸಂಸ್ಥೆಯೂ ಇಂಥ ಮೇಳ ಕಟ್ಟಿತು. ಫಿಸ್ಕಿನಲ್ಲಿ ಅಧ್ಯಾಪಕ ಜಾನ್ ವರ್ಕ್ ಹಾಡುಗಳನ್ನು ಸಂಗ್ರಹಿಸಿ, ೧೯೦೯ರಲ್ಲಿ ನಾಲ್ವರ ಮೇಳದ ಹಾಡನ್ನು ಗ್ರಾಮಫೋನ್ ತಟ್ಟೆಗೆ ತಂದರು.

ಇಲ್ಲೇ ತಕರಾರು ಹುಟ್ಟುತ್ತದೆ. ಫಿಸ್ಕಿನಲ್ಲೇ ಓದಿದ ಡುಬಾಯ್ಸ್ ೧೯೦೩ರ ತಮ್ಮ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಇವನ್ನು ದುಃಖದ ಹಾಡುಗಳೆಂದು ಕರೆದು, ಅಮೆರಿಕಕ್ಕೆ ಕರಿಯರು ಕೊಟ್ಟ ದೊಡ್ಡ ಕೊಡುಗೆ ಎಂದು ಎತ್ತಿಹಿಡಿದರು. ೧೯೩೪ರಲ್ಲಿ ಜೋರಾ ನೀಲ್ ಹರ್ಸ್ಟನ್ ತಿರುಗಿ ಕೇಳಿದರು: ಕಾಲೇಜು ಮೇಳಗಳು ಅಚ್ಚುಕಟ್ಟು ಮಾಡಿ ಹಾಡುವುದು ನಿಜವಾದ ಸ್ಪಿರಿಚುವಲ್ಸೇ ಅಲ್ಲ, ಕೂಡಿದ ಜನರ ಬಾಯಲ್ಲಿ ಪ್ರತಿಸಲ ಹೊಸದಾಗಿ ಹುಟ್ಟುವುದು ಅದರ ಜೀವ.

ಹರ್ಸ್ಟನ್ ಮಾತು ನನಗೆ ಒಪ್ಪಿಗೆ. ಆದರೂ ಅಚ್ಚು ಜಾನಪದ ಬೇಕು ಎನ್ನುವ ಕೂಗು ನಮ್ಮಲ್ಲಿ ಯಾರ ಬಾಯಲ್ಲಿ ಬರುತ್ತದೆ ಎಂಬುದನ್ನೂ ನೋಡಬೇಕು. ಹಟ್ಟಿ ಹಟ್ಟಿಯಾಗೇ ಇರಲಿ, ಹಾಡು ಚೆನ್ನಾಗಿರುತ್ತೆ ಎನ್ನುವ ಯಜಮಾನಿಕೆ ಅದರಲ್ಲಿ ಅಡಗಿರಬಹುದು. ಆ ಹುಡುಗರು ಹಾಡಿನ ರೂಪ ಬದಲಿಸಿದರು, ನಿಜ. ಬದಲಿಗೆ ಮುಂದಿನ ತಲೆಮಾರಿಗೆ ಓದುವ ಜಾಗ ಗಳಿಸಿಕೊಟ್ಟರು. ಶುದ್ಧವೋ ಅಶುದ್ಧವೋ ಎಂಬುದಕ್ಕಿಂತ, ಹಾಡಿನ ಗಳಿಕೆ ಯಾರ ಕೈ ಸೇರಿತು, ಹಾಡೋಲ್ಲ ಎನ್ನುವ ಅಧಿಕಾರ ಯಾರಿಗಿತ್ತು ಎಂಬುದು ದಲಿತ ವಿಮರ್ಶೆಯ ಪ್ರಶ್ನೆಯಾಗಬೇಕು.

ಈ ನಂಟು ನಾನು ಹೊಸೆದದ್ದಲ್ಲ. ಜುಬಿಲಿ ಗಾಯಕರು ಸಮುದ್ರ ದಾಟಿದ ೧೮೭೩ರಲ್ಲೇ ಜೋತಿಬಾ ಫುಲೆ ತಮ್ಮ 'ಗುಲಾಮಗಿರಿ'ಯನ್ನು ಕರಿಯರ ಬಿಡುಗಡೆಗೆ ನಿಂತ ಅಮೆರಿಕದ ಜನರಿಗೆ ಅರ್ಪಿಸಿದರು. ೧೯೪೬ರಲ್ಲಿ ಅಂಬೇಡ್ಕರ್ ಡುಬಾಯ್ಸ್‌ಗೆ ಕಾಗದ ಬರೆದರು.

ಫಿಸ್ಕಿನ ಮೇಳ ಇಂದಿಗೂ ಹಾಡುತ್ತಿದೆ. ೨೦೨೧ರಲ್ಲಿ ಅದಕ್ಕೆ ಗ್ರಾಮಿ ಪ್ರಶಸ್ತಿಯೂ ಬಂತು. ನಮ್ಮ ವಿಶ್ವವಿದ್ಯಾಲಯಗಳ ಯುವಜನೋತ್ಸವದಲ್ಲಿ ತಮಟೆ ಗುಡುಗಿದಾಗ ಚಪ್ಪಾಳೆ ಜೋರಾಗೇ ಬೀಳುತ್ತದೆ. ಅದನ್ನು ಕಲಿಸಿದ ಹಟ್ಟಿಯ ಹಿರಿಯನಿಗೆ ಸಂಗೀತ ವಿಭಾಗದಲ್ಲಿ ಮೇಷ್ಟರ ಕುರ್ಚಿ ಎಲ್ಲಿದೆ ಎಂದು ಈಗಲಾದರೂ ಕೇಳೋಣ.