ಹಿರಿಯರ ಪಾಳಿ



ಎಪ್ಪತ್ತು ದಾಟಿದವರ ಆಯುಷ್ಮಾನ್ ಕಾರ್ಡಿನ ವಿಷಯವಾಗಿ ಬೇರೆ ಬೇರೆ ಊರುಗಳಲ್ಲಿರುವ ಬಂಧುಗಳು ವಿಚಾರಿಸಿದ್ದಾರೆ. ಕೇಳಿದ್ದಕ್ಕೆ ಉತ್ತರಿಸುವ ಮುನ್ನ ಇತಿಹಾಸ ಹೇಳುವುದು ಮಾಸ್ತರರ ಚಟ, ಸಹಿಸಿಕೊಳ್ಳಿರಿ.

ಏಕೀಕರಣದ ಮರುವರ್ಷ, 1957ರಲ್ಲಿ, ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾಯಿತು. ಮುಂದೆ ಕಿಮ್ಸ್ ಎಂದು ಹೆಸರಾದರೂ ಜನರ ಬಾಯಲ್ಲಿ ಬಹುಕಾಲ ಅದು ಕೆ.ಎಂ.ಸಿ.ಯಾಗಿಯೇ ಉಳಿಯಿತು. ಸ್ವಾತಂತ್ರ್ಯದ ಹೊತ್ತಿಗೆ ದೇಶದ ಸರಾಸರಿ ಆಯುಸ್ಸು 32 ವರ್ಷಗಳ ಆಸುಪಾಸಿನಲ್ಲಿತ್ತು. (ಎಲ್ಲರೂ 32ಕ್ಕೆ ತೀರಿಕೊಳ್ಳುತ್ತಿದ್ದರೆಂದಲ್ಲ, ಕೂಸುಗಳ ಸಾವು ಸರಾಸರಿಯನ್ನು ಕೆಳಗೆಳೆಯುತ್ತಿತ್ತು.) ಬಾಣಂತಿ, ಕೂಸು, ಸಿಡುಬು, ಮಲೇರಿಯಾ, ಕ್ಷಯ ಇವೇ ಅಂದಿನ ಚಿಂತೆಗಳು. ಮುಪ್ಪಿನ ವಿಚಾರಕ್ಕೆ ಅಲ್ಲಿ ಎಡೆಯಿರಲಿಲ್ಲ.

ವೃದ್ಧರ ವೈದ್ಯಕ್ಕೆ ಶಾಸ್ತ್ರದ ರೂಪ ಬಂದದ್ದು ಇಂಗ್ಲೆಂಡಿನಲ್ಲಿ. 1935ರಲ್ಲಿ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯು ನೆರೆಯ ಬಡವರ ಆಶ್ರಮದ 700ಕ್ಕೂ ಹೆಚ್ಚು ರೋಗಿಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಅವರ ಹೊಣೆ ಬಂದದ್ದು ಮಾರ್ಜರಿ ವಾರೆನ್ ಎಂಬ ವೈದ್ಯೆಗೆ. ವರ್ಷಗಟ್ಟಲೆ ಹಾಸಿಗೆ ಹಿಡಿದವರು, "ವಯಸ್ಸಾಯಿತು" ಎಂಬುದಷ್ಟೇ ಅವರ ರೋಗ! ಆಕೆ ಪ್ರತಿಯೊಬ್ಬರನ್ನೂ ಪರೀಕ್ಷಿಸಿ, ರೋಗಕ್ಕೆ ತಕ್ಕಂತೆ ಬೇರ್ಪಡಿಸಿ, ಎಬ್ಬಿಸಿ ನಡೆದಾಡುವುದನ್ನು ಕಲಿಸಿದರು. ಎಷ್ಟೋ ಜನ ಮನೆಗೆ ಮರಳಿದರು. ಹೊಸ ಔಷಧಿಯೊಂದನ್ನೂ ಆಕೆ ಕಂಡುಹಿಡಿದಿರಲಿಲ್ಲವೆಂಬುದೇ ನನಗೆ ಈ ಕಥೆಯಲ್ಲಿ ಬಹಳ ಹಿಡಿಸಿದ ಅಂಶ.

ನಮ್ಮ ದೇಶದಲ್ಲಿ ಡಾ. ವಿ. ಎಸ್. ನಟರಾಜನ್ ಅವರು ಮದರಾಸಿನಲ್ಲಿ ವೃದ್ಧರಿಗಾಗಿಯೇ ಹೊರರೋಗಿ ವಿಭಾಗ ತೆರೆದದ್ದು 1978ರಲ್ಲಿ. ಬಳಿಕ 2007ರಲ್ಲಿ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ಬಂದಿತು. ಮಕ್ಕಳಿಂದ ಜೀವನಾಂಶ ಕೊಡಿಸುವ ಕಾಯ್ದೆಯೆಂದಷ್ಟೇ ಇದು ಪ್ರಸಿದ್ಧ. ಆದರೆ ಅದರ 20ನೆಯ ಕಲಮನ್ನು ಓದಿರಿ: ಸರಕಾರಿ ಆಸ್ಪತ್ರೆಗಳಲ್ಲಿ ಹಿರಿಯರಿಗೆ ಬೇರೆ ಪಾಳಿ, ಆದಷ್ಟು ಮಟ್ಟಿಗೆ ಹಾಸಿಗೆ, ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ವೃದ್ಧರ ಆರೈಕೆಯ ಅನುಭವವುಳ್ಳ ವೈದ್ಯಾಧಿಕಾರಿ. ಪಾಳಿಯಲ್ಲಿ ನಿಂತು ಮೊಣಕಾಲು ಸೋತವರು ಅದನ್ನು ಕೇಳಿ ಪಡೆಯಬೇಕು. ಅದು ಯಾರ ಕೃಪೆಯೂ ಅಲ್ಲ. 2010-11ರಲ್ಲಿ ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮವೂ ಆರಂಭವಾಯಿತು.

ಈಗ ಕಾರ್ಡಿನ ಮಾತು. 2024ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವು 70 ತುಂಬಿದವರಿಗೆ, ಆದಾಯ ನೋಡದೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯ ಯೋಜನೆ ಆರಂಭಿಸಿತು. (ನನಗಿನ್ನೂ ಆ ಯೋಗವಿಲ್ಲ!) ಒಳ್ಳೆಯದೇ. ಆದರೆ ಹಣ ದೊರೆಯುವುದು ದವಾಖಾನೆಯಲ್ಲಿ ದಾಖಲಾದಾಗ. ಸಕ್ಕರೆಕಾಯಿಲೆ, ರಕ್ತದೊತ್ತಡಗಳಿಗೆ ತಿಂಗಳು ತಿಂಗಳು ಕೊಳ್ಳುವ ಗುಳಿಗೆ, ತಪಾಸಣೆಯ ಖರ್ಚು ಕೈಯಿಂದಲೇ. ಮುದುಕರನ್ನು ದಾಖಲಾಗದಂತೆ ಕಾಯುವುದೇ ಈ ಗುಳಿಗೆಗಳಾಗಿರುವಾಗ ಇದು ತಿರುವುಮುರುವಾದ ಲೆಕ್ಕವೆಂದು ನನ್ನ ಅಭಿಪ್ರಾಯ.

ನೀವು ಹೋಗುವ ಆಸ್ಪತ್ರೆ ಕಾರ್ಡನ್ನು ಒಪ್ಪುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿರಿ. ವಯಸ್ಸಿಗೆ ಆಧಾರ್ ಚೀಟಿಯೇ ಪ್ರಮಾಣ. ನಮ್ಮ ಹಿರಿಯರಲ್ಲಿ ಬಹಳ ಜನ ಜೂನ್ 1ರಂದು ಹುಟ್ಟಿದವರು. ಶಾಲೆಗೆ ಸೇರಿಸಿಕೊಂಡ ಮಾಸ್ತರರು ಬರೆದುಕೊಟ್ಟ ಜನ್ಮದಿನವದು. ಅದನ್ನೂ ಒಮ್ಮೆ ನೋಡಿಕೊಳ್ಳಿರಿ.