ಹಾರ್ನೆಸ್ ಬಾರ್: ರೋಲ್ ಬಾರ್‌ಗೆ ಬೆಸೆಯುವ ಭುಜಪಟ್ಟಿಯ ಅಡ್ಡಕೊಳವೆ

ರೇಸ್ ಅಥವಾ ರ್‍ಯಾಲಿ ಕಾರಿನ ರೋಲ್ ಬಾರ್‌ಗೆ ಚಾಲಕನ ಬೆನ್ನ ಹಿಂದೆ, ಹೆಚ್ಚುಕಡಿಮೆ ಭುಜದ ಮಟ್ಟದಲ್ಲಿ ಅಡ್ಡಲಾಗಿ ಬೆಸೆಯುವ ಉಕ್ಕಿನ ಕೊಳವೆಗೆ ಹಾರ್ನೆಸ್ ಬಾರ್ ಎನ್ನುತ್ತಾರೆ. ನಾಲ್ಕು, ಐದು ಅಥವಾ ಆರು ಕಡೆ ಬಿಗಿಯುವ ಸ್ಪರ್ಧಾ ಬೆಲ್ಟಿನ ಎರಡು ಭುಜಪಟ್ಟಿಗಳು ಈ ಕೊಳವೆಗೆ ಸುತ್ತಿಕೊಳ್ಳುತ್ತವೆ. ಕಾರು ಮಗುಚಿದಾಗ ಚಾವಣಿ ಕುಸಿಯದಂತೆ ತಡೆಯುವುದು ರೋಲ್ ಬಾರ್‌ನ ಕೆಲಸ. ಡಿಕ್ಕಿಯಲ್ಲಿ ಮುಂದಕ್ಕೆ ಎಸೆಯಲ್ಪಡುವ ಎದೆಯನ್ನು ಹಿಡಿದು ನಿಲ್ಲಿಸುವುದು ಹಾರ್ನೆಸ್ ಬಾರ್‌ನ ಕೆಲಸ. ನೋಡಲು ಒಂದೇ ಒಂದು ನೇರ ಕೊಳವೆ. ಆದರೆ ಅದನ್ನು ಎಷ್ಟು ಎತ್ತರದಲ್ಲಿ ಕೂರಿಸಿದ್ದಾರೆ ಎಂಬುದರ ಮೇಲೆ ಚಾಲಕನ ಬೆನ್ನುಮೂಳೆಯ ಗತಿ ನಿಂತಿದೆ.

ಭುಜಪಟ್ಟಿ ಸೀಟಿನ ಮೇಲಂಚನ್ನು ದಾಟಿ ಹಿಂದಕ್ಕೆ ಹೆಚ್ಚುಕಡಿಮೆ ನೇರವಾಗಿ ಹೋಗಬೇಕು. ಅದನ್ನು ಹಿಂದಿನ ಸೀಟಿನ ನೆಲದ ಬೋಲ್ಟಿಗೆ ಕಟ್ಟಿದರೆ ಡಿಕ್ಕಿಯ ಕ್ಷಣದಲ್ಲಿ ಪಟ್ಟಿ ಎದೆಯನ್ನು ಹಿಂದಕ್ಕೆ ಎಳೆಯುವ ಜತೆಗೆ ಭುಜಗಳನ್ನು ಕೆಳಕ್ಕೂ ಅದುಮುತ್ತದೆ, ಆ ಒತ್ತಡವನ್ನು ಕಶೇರುಗಳು ಹೊರಬೇಕಾಗುತ್ತದೆ. ಅಂತಾರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ತನ್ನ ನಿಯಮಾವಳಿಯ ಅನುಬಂಧ ‘ಜೆ’, 253ನೇ ವಿಧಿಯಲ್ಲಿ ಇದಕ್ಕೆ ಮಿತಿ ಹಾಕಿದೆ: ಸೀಟಿನ ಮೇಲಂಚಿನಿಂದ ಹಿಂದಕ್ಕೆ ಪಟ್ಟಿಯ ಇಳಿಜಾರು ಸಮತಲದಿಂದ 45 ಡಿಗ್ರಿ ಮೀರಬಾರದು, 10 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಅಡ್ಡಕೊಳವೆ ಕನಿಷ್ಠ 38 ಮಿಮೀ ವ್ಯಾಸ, 2.5 ಮಿಮೀ ದಪ್ಪ ಅಥವಾ 40 ಮಿಮೀ ವ್ಯಾಸ, 2 ಮಿಮೀ ದಪ್ಪ ಇರಬೇಕು. ಅದು ಬೆಸುಗೆಯ ಗೆರೆಯಿಲ್ಲದ, ತಣ್ಣಗೆ ಎಳೆದು ಮಾಡಿದ ಇಂಗಾಲದ ಉಕ್ಕಿನದಾಗಿರಬೇಕು. ಬೆಲ್ಟ್ ಬಿಗಿಯುವ ಪ್ರತಿ ಭುಜಬಿಂದುವೂ 1,470 ಡೆಕಾನ್ಯೂಟನ್, ಅಂದರೆ ಸುಮಾರು ಒಂದೂವರೆ ಟನ್ ತೂಕದಷ್ಟು ಎಳೆತ ತಾಳಬೇಕು.

ಈ ಎಳೆತ ಎಂಥದ್ದೆಂದು ಲೆಕ್ಕ ಹಾಕಿ ನೋಡಬೇಕು. ರೋಲ್ ಬಾರ್‌ನ ಮುಖ್ಯ ಕಮಾನಿನ ಎರಡು ಕಾಲುಗಳ ನಡುವೆ 1,100 ಮಿಮೀ, ಎರಡು ಭುಜಪಟ್ಟಿಗಳ ನಡುವೆ 200 ಮಿಮೀ ಅಂತರ ಎಂದು ಹಿಡಿಯೋಣ. ನಡುವೆ ಯಾವ ಆಸರೆಯೂ ಇಲ್ಲದ 38 × 2.5 ಮಿಮೀ ಕೊಳವೆಯ ಮೇಲೆ ಈ ಭಾರ ಬಿದ್ದರೆ, ತುದಿಗಳು ಅಲುಗುವುದೇ ಇಲ್ಲ ಎಂದುಕೊಂಡರೂ, ಬಾಗುವಿಕೆಯ ಒತ್ತಡ ಚದರ ಮಿಲಿಮೀಟರಿಗೆ 1,600 ನ್ಯೂಟನ್ ದಾಟುತ್ತದೆ. ನಿಯಮ ಕೇಳುವ ಉಕ್ಕಿನ ಕನಿಷ್ಠ ಶಕ್ತಿ 350. ಅಂದರೆ ಕೊಳವೆ ಬಾಗಿಯೇ ಬಾಗುತ್ತದೆ. ದಪ್ಪ ಒಂದು ಮಿಲಿಮೀಟರ್ ಹೆಚ್ಚಿಸಿದ ಮಾತ್ರಕ್ಕೆ ಈ ಕೊರತೆ ತುಂಬುವುದಿಲ್ಲ. ಕಮಾನಿನ ಕರ್ಣಕೊಳವೆಗೆ ಅಡ್ಡಕೊಳವೆಯನ್ನು ಬೆಸೆಯುವುದು, ಬೆಲ್ಟ್ ಸುತ್ತುವ ಜಾಗದ ಸಮೀಪದಿಂದ ಹಿಂದಿನ ಆಸರೆಗಳಿಗೆ ತುಂಡುಕೊಳವೆ ಕೊಡುವುದು, ಇಂಥ ಆಸರೆಗಳಿಂದ ಬಾಗುವ ಉದ್ದ ತಗ್ಗುತ್ತದೆ. ತಯಾರಕರು ಕೊಳವೆಯ ದಪ್ಪದ ಬಗ್ಗೆ ವಾದಿಸುವಷ್ಟು ಈ ಆಸರೆಗಳ ಬಗ್ಗೆ ಯೋಚಿಸುವುದಿಲ್ಲ, ಯೋಚಿಸಬೇಕಾದದ್ದು ಮಾತ್ರ ಅದನ್ನೇ.

ಗುಜರಾತಿನ ಅಹಮದಾಬಾದ್, ವಡೋದರ, ಸೂರತ್ ಇಂಥ ಕೊಳವೆಗಳನ್ನು ಬೆಸೆಯುವ ಕೆಲಸಕ್ಕೆ ಹೇಳಿಮಾಡಿಸಿದ ಊರುಗಳು. ಹಾಲೋಲ್‌ನಲ್ಲಿ 2017ರವರೆಗೆ ನಡೆದ ಜನರಲ್ ಮೋಟಾರ್ಸ್, ಸಾನಂದದಲ್ಲಿ 2010ರಲ್ಲಿ ಶುರುವಾದ ಟಾಟಾ, ಹಾಂಸಲ್‌ಪುರದಲ್ಲಿ 2017ರಲ್ಲಿ ಶುರುವಾದ ಸುಜುಕಿ ಕಾರ್ಖಾನೆಗಳು ಎಲ್ಲರಿಗೂ ಗೊತ್ತು. ಆದರೆ ಹಾರ್ನೆಸ್ ಬಾರ್‌ಗೆ ಬೇಕಾದ ಕೈಗುಣ ಬೆಳೆದದ್ದು ಕಾರಿನ ಕಾರ್ಖಾನೆಗಳಲ್ಲಲ್ಲ, ಪೈಪು ಮತ್ತು ಒತ್ತಡಪಾತ್ರೆಗಳ ಕೆಲಸದಲ್ಲಿ. ವಡೋದರದ ಪಕ್ಕದ ಕೋಯಲಿ ತೈಲ ಶುದ್ಧೀಕರಣಾಗಾರ 1965ರಲ್ಲಿ ಶುರುವಾಯಿತು. ರಸಗೊಬ್ಬರ, ಪೆಟ್ರೋಕೆಮಿಕಲ್ ಘಟಕಗಳು ಅದರ ಬೆನ್ನಿಗೇ ಬಂದವು. ಸೂರತ್ ಬಳಿಯ ಹಜೀರಾದಲ್ಲಿ ಭಾರೀ ರಿಯಾಕ್ಟರುಗಳನ್ನು ಬೆಸೆಯುತ್ತಾರೆ. ಅಹಮದಾಬಾದಿನ ವಟವಾ, ನರೋಡಾ, ಓಢವ್, ವಡೋದರದ ಮಕರ್‌ಪುರಾ ಕೈಗಾರಿಕಾ ವಸಾಹತುಗಳಲ್ಲಿ ಟರ್ನಿಂಗ್, ಬೆಂಡಿಂಗ್, ಟಿಗ್ ವೆಲ್ಡಿಂಗ್ ನಿತ್ಯದ ಮಾತು. ಪೈಪ್ ವೆಲ್ಡರನನ್ನು ಪರೀಕ್ಷಿಸುವ ‘ಸಿಕ್ಸ್-ಜಿ’ ಭಂಗಿಯಲ್ಲಿ ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದಿರುತ್ತಾರೆ, ಅದನ್ನು ತಿರುಗಿಸುವಂತಿಲ್ಲ. ವೆಲ್ಡರನೇ ಸುತ್ತ ಬಾಗಿ, ತಲೆಯೆತ್ತಿ ಬೆಸೆಯಬೇಕು. ಕಾರಿನೊಳಗೆ ಕಮಾನಿನ ಹಿಂಬದಿಗೆ ಕೈ ತೂರಿಸಿ ಬೆಸೆಯುವುದೂ ಇಂಥದ್ದೇ ಕಷ್ಟ.

ಕೆಲಸ ಶುರುವಾಗಬೇಕಾದದ್ದು ಸೀಟಿನಿಂದ. ಬಕೆಟ್ ಸೀಟನ್ನು ಅಂತಿಮ ಜಾಗದಲ್ಲಿ ಬಿಗಿದು, ಹೆಲ್ಮೆಟ್ ತೊಟ್ಟ ಚಾಲಕನನ್ನು ಕೂರಿಸಿ, ಸೀಟಿನ ಭುಜರಂಧ್ರದಿಂದ ಹಿಂದಕ್ಕೆ ದಾರ ಎಳೆದು ಕೋನ ಅಳೆಯಬೇಕು. ಆಮೇಲಷ್ಟೇ ಕಮಾನಿನ ಮೇಲೆ ಗುರುತು. ಕೊಳವೆಯ ಎರಡೂ ತುದಿಗಳನ್ನು ಹೋಲ್-ಸಾ ಬಳಸಿ ಮೀನಿನ ಬಾಯಿಯಂತೆ ಕೊರೆಯುತ್ತಾರೆ. ಕೊರೆದ ಅಂಚು ಕಮಾನಿನ ಮೈಗೆ ಬೆಳಕು ನುಸುಳದಂತೆ ಕೂರಬೇಕು. ಸಂದು ದೊಡ್ಡದಿದ್ದರೆ ಅದನ್ನು ಫಿಲ್ಲರ್ ಸುರಿದು ಮುಚ್ಚುವ ಆಸೆ ಹುಟ್ಟುತ್ತದೆ, ಜಾಯಿಂಟ್ ದುರ್ಬಲವಾಗುವುದು ಅಲ್ಲೇ. ಬಣ್ಣ, ಉಕ್ಕಿನ ಮೇಲಿನ ಕರಿಪದರ, ಎಣ್ಣೆ ಎಲ್ಲವನ್ನೂ ತೆಗೆದು ಅಸಿಟೋನ್‌ನಲ್ಲಿ ಒರೆಸಿ, ನಾಲ್ಕು ಕಡೆ ಚುಕ್ಕೆ ಬೆಸುಗೆ ಹಾಕಿ, ಎದುರುಬದುರಿನ ಕಾಲುಭಾಗಗಳನ್ನು ಒಂದಾದ ಮೇಲೊಂದು ಮುಗಿಸುತ್ತಾರೆ. ಒಂದೇ ಸುತ್ತಿಗೆ ಬೆಸೆದರೆ ಶಾಖ ಕಮಾನಿನ ಕಾಲುಗಳನ್ನು ಒಳಕ್ಕೆ ಎಳೆದುಬಿಡುತ್ತದೆ.

ಅಹಮದಾಬಾದಿನ ಬೇಸಿಗೆಯಲ್ಲಿ ಶೆಡ್ಡಿನೊಳಗೆ ಫ್ಯಾನ್ ಇಲ್ಲದೆ ನಿಲ್ಲಲಾಗದು. ಆದರೆ ಫ್ಯಾನಿನ ಗಾಳಿ ಟಾರ್ಚಿನ ಸುತ್ತಲಿನ ಆರ್ಗಾನ್ ಹೊದಿಕೆಯನ್ನು ಚದುರಿಸುತ್ತದೆ, ಬೆಸುಗೆಯಲ್ಲಿ ಸೂಜಿಮೊನೆಯಷ್ಟು ರಂಧ್ರಗಳು ಏಳುತ್ತವೆ. ಗಾಳಿಯನ್ನು ವೆಲ್ಡರನ ಬೆನ್ನಿಗೆ ತಿರುಗಿಸಿ, ಕೆಲಸದ ಸುತ್ತ ತಡಿಕೆ ನಿಲ್ಲಿಸುವುದು ಪರಿಹಾರ. ಬಿಸಿ ಜಾಯಿಂಟಿಗೆ ನೀರು ಎರಚುವ ಅಭ್ಯಾಸ, ಅದರಲ್ಲೂ 4130 ಕ್ರೋಮೋಲಿ ಉಕ್ಕಿಗೆ, ಅಪಾಯಕಾರಿ: ಬೆಸುಗೆಯ ಪಕ್ಕದ ಲೋಹ ಗಟ್ಟಿಯಾಗಿ ಪೆಡಸಾಗುತ್ತದೆ. ಸುಲಭವಾಗಿ ಸಿಗುವ ಜಿಐ ನೀರಿನ ಪೈಪನ್ನಂತೂ ಹತ್ತಿರಕ್ಕೂ ತರಬಾರದು. ಸತುವಿನ ಲೇಪನದ ಹೊಗೆ ಜ್ವರ ತರಿಸುತ್ತದೆ, ಬೆಸುಗೆಯನ್ನೂ ಕೆಡಿಸುತ್ತದೆ. ವಾಹನಗಳ ಉಕ್ಕಿನ ಕೊಳವೆಗಳಿಗೆ ಐಎಸ್ 3074 ಎಂಬ ಭಾರತೀಯ ಮಾನಕವಿದೆ. ಕೊಳ್ಳುವಾಗ ಉಕ್ಕಿನ ಕಾರ್ಖಾನೆಯ ಪರೀಕ್ಷಾಪತ್ರ ಕೇಳಿ ಪಡೆಯಬೇಕು. ಮುಗಿದ ಬೆಸುಗೆಯನ್ನು ನುಣ್ಣಗೆ ಉಜ್ಜಬಾರದು. ಒತ್ತಡಪಾತ್ರೆಗಳಿಗೆ ಮಾಡುವ ಕೆಂಪು ಬಣ್ಣದ ದ್ರಾವಣ ಪರೀಕ್ಷೆಯನ್ನು ಇದಕ್ಕೂ ಮಾಡಿಸಿದರೆ ಮೇಲ್ಮೈಯ ಕೂದಲೆಳೆ ಬಿರುಕುಗಳೂ ಕಣ್ಣಿಗೆ ಬೀಳುತ್ತವೆ. ತಯಾರಕರ ಹೆಸರಿನಲ್ಲಿ ಮಾನ್ಯತೆ ಪಡೆದ ರೋಲ್ ಕೇಜ್‌ಗೆ (ರೋಲ್ ಬಾರ್‌ಗಳ ಪಂಜರಕ್ಕೆ) ಆಮೇಲೆ ಏನನ್ನೂ ಬೆಸೆಯುವಂತಿಲ್ಲ. ಬೆಸೆದರೆ ಮಾನ್ಯತೆ ಹೋಗುತ್ತದೆ.

ಈ ಕೆಲಸವನ್ನು ಎಳೆಯರು ಕಲಿಯುವ ಜಾಗ ವಿದ್ಯಾರ್ಥಿ ಸ್ಪರ್ಧೆಗಳು. ಮಧ್ಯಪ್ರದೇಶದ ಪೀಥಂಪುರದಲ್ಲಿ 2007ರಲ್ಲಿ ಆರಂಭವಾದ ಬಾಹಾ ಎಸ್‌ಎಇ ಇಂಡಿಯಾ, 2011ರಲ್ಲಿ ಆರಂಭವಾದ ಸುಪ್ರಾ ಎಸ್‌ಎಇ ಇಂಡಿಯಾ ಸ್ಪರ್ಧೆಗಳಿಗೆ ಸೂರತ್‌ನ ಎಸ್‌ವಿಎನ್‌ಐಟಿ, ಅಹಮದಾಬಾದಿನ ನಿರ್ಮಾ ವಿಶ್ವವಿದ್ಯಾಲಯದಂಥ ಸಂಸ್ಥೆಗಳ ವಿದ್ಯಾರ್ಥಿಗಳು ತಾವೇ ಕಟ್ಟಿದ ಕಾರು ತಂದಿದ್ದಾರೆ. ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ಕೂಡ ಇಂಥದ್ದೇ ವಿದ್ಯಾರ್ಥಿ ತಂಡ. ಸುಪ್ರಾದಂಥ ಫಾರ್ಮುಲಾ ಮಾದರಿಯ ಕಾರಿನ ನಿಯಮ ರ್‍ಯಾಲಿ ಕಾರಿಗಿಂತ ಬಿಗಿ: ಭುಜಪಟ್ಟಿ ಸಮತಲಕ್ಕಿಂತ 10 ಡಿಗ್ರಿಯವರೆಗೆ ಮೇಲಕ್ಕೆ ಅಥವಾ 20 ಡಿಗ್ರಿಯವರೆಗೆ ಕೆಳಕ್ಕೆ ಮಾತ್ರ ಓರೆಯಾಗಬಹುದು. ಮುಖ್ಯ ಕಮಾನಿಗೆ ಬಳಸುವ ದರ್ಜೆಯ ಕೊಳವೆ, ಉದಾಹರಣೆಗೆ 25 × 2.5 ಮಿಮೀ, ಹಾರ್ನೆಸ್ ಬಾರ್‌ಗೂ ಬೇಕು. ಬಾಗಿಸಿದ ಬಾರ್ ಆದರೆ ಆಸರೆ ಕೊಡಲೇಬೇಕು. ಕಾರು ಸಣ್ಣದಾದ್ದರಿಂದ ಬಾರ್ ಗಿಡ್ಡ, ಬಾಗುವ ಭಯವೂ ಅಷ್ಟೇ ಕಡಿಮೆ.

ಕೊಳವೆ ಸರಿಯಾದ ಮೇಲೂ ಬೆಲ್ಟ್ ಸುತ್ತುವಾಗ ಎಡವುವವರಿದ್ದಾರೆ. ಪಟ್ಟಿಯನ್ನು ಕೊಳವೆಗೆ ಸುತ್ತಿ, ಮೂರು ಸರಳಿನ ಲೋಹದ ಬಿಲ್ಲೆಯಲ್ಲಿ ತೂರಿಸಿ, ತುದಿಯನ್ನು ಮತ್ತೆ ಹಿಂದಕ್ಕೆ ಮಡಚಿ ತೂರಿಸಬೇಕು. ಆ ಎರಡನೆಯ ಮಡಿಕೆ ತಪ್ಪಿದರೆ ಭಾರಕ್ಕೆ ಪಟ್ಟಿ ಜಾರಿ ಹೊರಬರುತ್ತದೆ. ಪಟ್ಟಿ ಪಕ್ಕಕ್ಕೆ ಸರಿಯದಂತೆ ಕೊಳವೆಯ ಮೇಲೆ ತಡೆಗಳನ್ನು ಕೂರಿಸುತ್ತಾರೆ. ಬೋಲ್ಟಿನಲ್ಲಿ ಬಿಗಿಯುವುದಾದರೆ ಕೊಳವೆಗೆ ಬರಿಯ ತೂತು ಸಾಲದು, ಒಳಗೆ ಉಕ್ಕಿನ ಬುಷ್ ಬೆಸೆದಿರಬೇಕು. ಎಫ್‌ಐಎ ಮಾನ್ಯತೆಯ ಬೆಲ್ಟಿಗೆ ಐದು ವರ್ಷದ ಆಯುಷ್ಯ, ಕೊನೆಯ ವರ್ಷವನ್ನು ಅದರ ಚೀಟಿಯ ಮೇಲೆಯೇ ಅಚ್ಚುಹಾಕಿರುತ್ತಾರೆ.

ದಿನಬಳಕೆಯ ಕಾರಿಗೆ ಹಾರ್ನೆಸ್ ಬಾರ್ ಹಾಕಿಸುವುದು ಬೇರೆಯೇ ವಿಷಯ. ರೋಲ್ ಬಾರ್ ಇಲ್ಲದೆ ಬರಿಯ ಬಾರ್ ಬಿಗಿದರೆ, ಚಾವಣಿ ಕುಸಿದಾಗ ಪಕ್ಕಕ್ಕೆ ವಾಲಲು ಬಿಡದ ಬೆಲ್ಟ್ ಚಾಲಕನನ್ನು ನೆಟ್ಟಗೆ ಹಿಡಿದುಕೊಂಡಿರುತ್ತದೆ. ಹಿಂದಿನ ಸೀಟಿನಲ್ಲಿ ಕೂತವರ ಮುಖಕ್ಕೆ ಈ ಉಕ್ಕು ನೇರ ಎದುರು. ಮೋಟಾರು ವಾಹನಗಳ ಕಾಯ್ದೆ 1988ರ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆಯನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು.