ಮಹಾಡ್ ಕೆರೆಗೆ ಸುರಿದ 108 ಕೊಡ



ನಮ್ಮಜ್ಜಿ ದಿನಾ ಬಾವಿಗೆ ಹೋಗ್ತಿದ್ದಳು, ಆದ್ರೆ ಒಂದು ದಿನವೂ ನೀರು ಸೇದಲಿಲ್ಲ. ಕೊಡ ಕೆಳಗಿಟ್ಟು ದೂರ ನಿಲ್ಲೋಳು. ಯಾರಾದ್ರೂ ಮನಸ್ಸು ಮಾಡಿ ಎತ್ತರದಿಂದ ಹುಯ್ದರೆ ಉಂಟು, ಇಲ್ಲಾಂದ್ರೆ ದನ ಇಳಿಯೋ ಹಳ್ಳದ ನೀರು. ಅವಳು ಮುಟ್ಟಿದ್ರೆ ಬಾವಿ ಕೆಡುತ್ತೆ ಅಂತ ಊರಿಗೆ ಚಿಂತೆ. ಅವಳು ಕುಡಿಯೋ ನೀರು ಕೆಟ್ಟಿದೆಯಾ ಅಂತ ಯಾರೂ ಕೇಳಲಿಲ್ಲ.

ಮಹಾಡ್ ಅಂದಾಗೆಲ್ಲ ನನಗೆ ಈ ಚಿತ್ರವೇ ಕಣ್ಮುಂದೆ ಬರುತ್ತೆ. ಸರ್ಕಾರದ ಕೆರೆ, ಬಾವಿ, ಶಾಲೆಗಳು ಅಸ್ಪೃಶ್ಯರಿಗೂ ಮುಕ್ತವಾಗಬೇಕೆಂಬ ಎಸ್.ಕೆ. ಬೋಲೆಯವರ ನಿರ್ಣಯವನ್ನು ಬಾಂಬೆ ಶಾಸನ ಪರಿಷತ್ತು 1923ರಲ್ಲೇ ಒಪ್ಪಿತ್ತು. 1924ರಲ್ಲಿ ಮಹಾಡ್ ಪುರಸಭೆಯೂ ಚವದಾರ್ ಕೆರೆ ಎಲ್ಲರದ್ದು ಅಂದಿತು. ಎಲ್ಲಾ ಕಾಗದದ ಮೇಲೆ! ಆ ಕೆರೆಯಲ್ಲಿ ದನ ನೀರು ಕುಡೀಬಹುದಿತ್ತು, ನಮ್ಮವರು ಕುಡಿಯೋ ಹಾಗಿರಲಿಲ್ಲ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮೆರವಣಿಗೆಯಲ್ಲಿ ಹೋಗಿ ಬೊಗಸೆ ನೀರು ಕುಡಿದರು. ಹಿಂದೆ ಬಂದ ಸಾವಿರಾರು ಜನರೂ ಕುಡಿದರು. ಅವತ್ತೇ ಹಲ್ಲೆ ನಡೆಯಿತು. ಆಮೇಲೆ ಸವರ್ಣೀಯರು ಕೆರೆಯನ್ನು 'ಶುದ್ಧ' ಮಾಡಿದರು. ಹೇಗೆ ಗೊತ್ತಾ? ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿದ 108 ಕೊಡ ಸುರಿದು!

ಇಲ್ಲಿ ಸ್ವಲ್ಪ ನಿಲ್ಲಿ. ಕಲ್ಕತ್ತೆಯ ಒಂದು ಕೆರೆಯ ನೀರಿನಲ್ಲಿ ರಾಬರ್ಟ್ ಕಾಖ್ ಕಾಲರಾ ರೋಗಾಣುವನ್ನು ಕಂಡಿದ್ದು 1884ರಲ್ಲಿ. ನೀರನ್ನು ಕೆಡಿಸೋದು ಮಲದ ಕೊಳೆ, ಮನುಷ್ಯನ ಮುಟ್ಟುವಿಕೆ ಅಲ್ಲ ಅಂತ ತಿಳಿದು 43 ವರ್ಷ ಆಗಿತ್ತು. ಆದ್ರೂ ಕುಡಿಯೋ ನೀರಿಗೆ ಸಗಣಿ ಹಾಕಿದವರು ಮಡಿ, ಬಾಯಾರಿ ಬಂದವರು ಮೈಲಿಗೆ. ಜಾತಿಗೆ ನೀರಿನ ಶುದ್ಧಿ ಬೇಕಿರಲಿಲ್ಲ, ನೀರಿನ ಯಜಮಾನಿಕೆ ಬೇಕಿತ್ತು.

ಕೇಸು ಹತ್ತು ವರ್ಷ ಎಳೆಯಿತು. ಅಸ್ಪೃಶ್ಯರನ್ನು ದೂರ ಇಡೋದು ಅನಾದಿ ಕಾಲದ ಪದ್ಧತಿ ಎಂಬ ವಾದ ಸಾಬೀತಾಗಿಲ್ಲ ಅಂತ ಬಾಂಬೆ ಹೈಕೋರ್ಟ್ 1937ರ ಮಾರ್ಚ್ 17ರಂದು ಹೇಳಿತು. ನಾವು ಗೆದ್ದೆವು.

ಗೆದ್ದೆವಾ? 2022ರ ನವೆಂಬರ್‌ನಲ್ಲಿ ನಮ್ಮದೇ ಚಾಮರಾಜನಗರದ ಹೆಗ್ಗೊಠಾರದಲ್ಲಿ ದಲಿತ ಮಹಿಳೆಯೊಬ್ಬರು ತೊಂಬೆಯ ನಲ್ಲಿಯಲ್ಲಿ ನೀರು ಕುಡಿದರೆಂದು ನೀರನ್ನೆಲ್ಲ ಖಾಲಿ ಮಾಡಿ, ಗಂಜಲ ಹಾಕಿ ತೊಳೆದರು ಎಂಬ ಸುದ್ದಿ ಓದಿದಿರಲ್ಲ. ಮಹಾಡ್‌ನಿಂದ 95 ವರ್ಷ. ಅದೇ ಗಂಜಲ.

ಅದಕ್ಕೇ ಹೇಳ್ತಿದೀನಿ, ನಲ್ಲಿ ಮುಟ್ಟೋ ಹಕ್ಕಿನ ಜೊತೆಗೆ ಆ ನಲ್ಲಿಯಲ್ಲಿ ಏನು ಬರ್ತಿದೆ ಅಂತ ಕೇಳೋ ಹಕ್ಕೂ ನಮ್ಮದೇ. ಎಷ್ಟೋ ಊರಲ್ಲಿ ನಮ್ಮ ಕೇರಿ ಪೈಪಿನ ಕೊನೇಲಿದೆ, ಪೈಪು ಚರಂಡಿ ಒಳಗೇ ಹಾದು ಬರುತ್ತೆ. ಕುಡಿಯೋ ನೀರಿನ 100 ಮಿಲಿಲೀಟರ್‌ನಲ್ಲಿ ಇ-ಕೋಲಿ ಒಂದೂ ಇರಬಾರದು, ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದ ಕಡೆಯೂ 1.5ರ ಒಳಗಿರಬೇಕು. ಇದು ದೇಶದ ಮಾನದಂಡ. ನಮ್ಮ ನೀರಿನ ಮೂಲವನ್ನು ಬೇಕಂತಲೇ ಕೆಡಿಸೋದು ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ.

ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಮೂರು ಪ್ರಶ್ನೆ ಕೇಳಿ: ನೀರನ್ನು ಕೊನೇ ಸಲ ಪರೀಕ್ಷೆ ಮಾಡಿದ್ದು ಯಾವಾಗ? ಮಾದರಿ ತಗೊಂಡಿದ್ದು ಟ್ಯಾಂಕಿನ ಬುಡದಲ್ಲೋ, ನಮ್ಮ ಕೇರಿಯ ಕೊನೇ ನಲ್ಲಿಯಲ್ಲೋ? ವರದಿ ಎಲ್ಲಿ?

ನಮ್ಮಜ್ಜಿ ಕೇಳೋಕೆ ಆಗಲಿಲ್ಲ. ನಾವು ಕೇಳೋಣ.

ಜೈ ಭೀಮ್.